ಗುಲಾಬಿ ಬಣ್ಣ ಎಲ್ಲಿ ಹೋಯ್ತು ಸಾರ್?

ಚಳಿಗಾಲದಲ್ಲಿ ಟೆಲಿಸ್ಕೋಪ್ ಹೊತ್ತು ಶಾಲೆಗಳಿಗೆ ಹೋದಾಗಲೆಲ್ಲ ಈ ಪ್ರಶ್ನೆ ಕಾದಿರುತ್ತದೆ. ಓರಿಯಾನ್ ನೆಬ್ಯುಲಾ, ಅಂದರೆ ಆಕಾಶದಲ್ಲಿ ಹೊಳೆಯುವ ಅನಿಲದ ಮೋಡ, ತೋರಿಸ್ತೀನಿ ಅಂದರೆ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಕಣ್ಣಿಟ್ಟು ನೋಡಿದವರ ಮುಖ ಮಾತ್ರ ಸಪ್ಪಗಾಗುತ್ತದೆ. ಮೊಬೈಲಿನಲ್ಲಿ ಕಂಡಿದ್ದು ಗುಲಾಬಿ, ಇಲ್ಲಿರುವುದು ಬೂದು ಹೊಗೆಯಂಥ ಮಚ್ಚೆ.

ಮೊದಮೊದಲು "ನಮ್ಮ ಟೆಲಿಸ್ಕೋಪ್ ಚಿಕ್ಕದಪ್ಪಾ" ಎಂದು ಜಾರಿಕೊಳ್ಳುತ್ತಿದ್ದೆ. ಅದು ಅರ್ಧ ಸುಳ್ಳು. ಅಸಲಿ ಕಾರಣ ಕಣ್ಣಿನಲ್ಲೇ ಇದೆ.

ಕಣ್ಣಿನ ಹಿಂಭಾಗದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳಿವೆ, ಮಬ್ಬಿನಲ್ಲಿ ದುಡಿಯುವ ರಾಡ್ ಕೋಶಗಳಿವೆ. ಕತ್ತಲಲ್ಲಿ ಕೋನ್‌ಗಳು ಕೈಚೆಲ್ಲುತ್ತವೆ. ರಾಡ್‌ಗಳಿಗೆ ಬಣ್ಣದ ಭೇದ ಗೊತ್ತಿಲ್ಲ. ನೆಬ್ಯುಲಾದ ಹೈಡ್ರೋಜನ್ ಸೂಸುವ ಕೆಂಪು ಬೆಳಕಿನ ಅಲೆಯ ಉದ್ದ 656 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್). ಅದಕ್ಕೆ ರಾಡ್ ಹೆಚ್ಚುಕಮ್ಮಿ ಕುರುಡು. ಆಮ್ಲಜನಕದ ಹಸಿರು ಬೆಳಕು 501ರ ಆಸುಪಾಸು. ಅಲ್ಲಿ ರಾಡ್ ಬಲು ಚುರುಕು. ಹಾಗಾಗಿ ಕಣ್ಣಿಗೆ ಕಾಣುವ ಮಚ್ಚೆಯಲ್ಲಿ ಆಮ್ಲಜನಕದ ಪಾಲೇ ಜಾಸ್ತಿ. ನಿಮಿಷಗಟ್ಟಲೆ ಬೆಳಕು ಕೂಡಿಹಾಕುವ ಕ್ಯಾಮೆರಾದಲ್ಲಿ ಹೈಡ್ರೋಜನ್ ಮೆರೆಯುತ್ತದೆ. ನೆಬ್ಯುಲಾ ಒಂದೇ, ನಮ್ಮ ಕಣ್ಣಿಗೂ ಕ್ಯಾಮೆರಾ ಕಣ್ಣಿಗೂ ಸಿಕ್ಕಿದ್ದು ಬೇರೆ ಬೇರೆ ಅನಿಲ!

ಹಾಗಾದರೆ ಫೋಟೋ ನಿಜವಾ? ಅದೂ ಪೂರ್ತಿ ಅಲ್ಲ. 1995ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ, ಇನ್ನೊಂದು ನೆಬ್ಯುಲಾದ 'ಸೃಷ್ಟಿಯ ಸ್ತಂಭಗಳು' ಚಿತ್ರ ನೋಡಿರುತ್ತೀರಿ. ಅದರಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಹಚ್ಚಿದ್ದಾರೆ. ಗಂಧಕ, ಹೈಡ್ರೋಜನ್ ಎರಡೂ ಸೂಸುವುದು ಕೆಂಪನ್ನೇ. ಇದ್ದ ಹಾಗೇ ಬಿಟ್ಟರೆ ಯಾವುದು ಯಾವುದೆಂದು ತಿಳಿಯದು. ಇದನ್ನು ಮೋಸ ಅನ್ನುವವರಿದ್ದಾರೆ. ನನಗೇನೋ ಜಿಲ್ಲೆಗೊಂದು ಬಣ್ಣ ಹಚ್ಚಿದ ಭೂಪಟದ ಹಾಗೆ ಕಾಣುತ್ತದೆ.

ಬೆಳಕು ಅಂತ ನಾವು ಕರೆಯುವುದೇ ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಅಲೆಗಳ ತುಣುಕನ್ನು. ರೇಡಿಯೋ ಅಲೆಗಳೂ ಅದೇ ಜಾತಿಯವು, ಉದ್ದ ಮಾತ್ರ ಬಹಳ ಹೆಚ್ಚು, ಕಣ್ಣಿಗೆ ಕಾಣುವುದಿಲ್ಲ. ಗೌರಿಬಿದನೂರಿನ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿತು. ಅದರ ಒಂದು ಅಲೆಯೇ ಸುಮಾರು 8.7 ಮೀಟರ್ ಉದ್ದ! ನಮಗೆ ರಾತ್ರಿಯ ಅತಿ ಪ್ರಖರ ನಕ್ಷತ್ರ ಲುಬ್ಧಕ. ಆ ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ. ಅಲ್ಲಿ ಝಗಮಗಿಸುವ ಕ್ಯಾಸಿಯೋಪಿಯಾ ಎ ಸಿಡಿದುಹೋದ ನಕ್ಷತ್ರವೊಂದರ ಅವಶೇಷ, ನಮ್ಮಿಂದ 11,000 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಅಲ್ಲಿ ಖಾಲಿ ಕತ್ತಲು. ರೇಡಿಯೋ ಕಣ್ಣಿನ ಜೀವಿಗಳು ಪುರಾಣ ಬರೆದಿದ್ದರೆ ಲುಬ್ಧಕನ ಕಥೆಯೇ ಇರುತ್ತಿರಲಿಲ್ಲ, ಅಲ್ವಾ?

ಈಗ ಮಕ್ಕಳಿಗೆ ಬೇರೆ ಪಾಠ ಹೇಳುತ್ತೇನೆ. ಇಪ್ಪತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಕೂರಬೇಕು. ಆಮೇಲೆ ನೆಬ್ಯುಲಾವನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ದಿಟ್ಟಿಸಬೇಕು. ಕಣ್ಣಿನ ನಟ್ಟನಡುವೆ ರಾಡ್‌ಗಳಿಲ್ಲ, ಬದಿಯಲ್ಲಿವೆ. ಆಗ ಮಚ್ಚೆಗೆ ನಿಧಾನವಾಗಿ ರೆಕ್ಕೆ ಮೂಡುತ್ತದೆ. ಅಷ್ಟರಲ್ಲಿ ಯಾರಾದರೂ ಮೊಬೈಲ್ ಆನ್ ಮಾಡಿದರೆ ಮುಗಿಯಿತು, ಮತ್ತೆ ಇಪ್ಪತ್ತು ನಿಮಿಷ.