ಮರಾಂಟಾ: ಎಲೆ ನೋಡಿ ಗಿಡ ಸಾಕುವ ಟಿಪ್ಪಣಿ

ಮರಾಂಟಾ, ಅಂದರೆ ಎಲೆಯ ಅಂದಕ್ಕೆ ಮನೆಯೊಳಗೆ ಬೆಳೆಸುವ ಪ್ರೇಯರ್ ಪ್ಲಾಂಟ್ ಸಾಕಲು ಹೊರಟವರಿಗೆ ಎಲ್ಲ ಕಡೆ ಸಿಗುವ ಸಲಹೆ ಹೆಚ್ಚು ಕಡಿಮೆ ಒಂದೇ. ನೆರಳಲ್ಲಿಡಿ, ಮಣ್ಣು ಪೂರ್ತಿ ಒಣಗಲು ಬಿಡಬೇಡಿ, ಗಾಳಿಯಲ್ಲಿ ತೇವ ಇರಲಿ. ಸಲಹೆಯೇನೋ ಸರಿ. ಆದರೆ ಎಷ್ಟು ನೆರಳು, ಎಂಥ ನೀರು, ಯಾವಾಗ ಅನ್ನುವುದು ಮನೆಯಿಂದ ಮನೆಗೆ ಬೇರೆ. ಮಂಗಳೂರಿನ ಮನೆಗೂ ಕಲಬುರಗಿಯ ಮನೆಗೂ ಒಂದೇ ಲೆಕ್ಕ ಹೇಗೆ ಹೊಂದೀತು? ಅದೃಷ್ಟಕ್ಕೆ ಈ ಗಿಡದ ಎಲೆ ದಿನಕ್ಕೆ ಎರಡು ಸಲ ಅಲುಗಾಡುತ್ತದೆ. ಅದನ್ನು ನೋಡಲು ಕಲಿತರೆ ನಮ್ಮ ಮನೆಯ ಲೆಕ್ಕ ನಮಗೇ ಸಿಗುತ್ತದೆ. ಹಾಗಾಗಿ ಈ ಟಿಪ್ಪಣಿಯನ್ನು ಎಲೆಯಿಂದಲೇ ಶುರು ಮಾಡುತ್ತೇನೆ.

ಯಾವ ಗಿಡ?

ನರ್ಸರಿಯಲ್ಲಿ ಪ್ರೇಯರ್ ಪ್ಲಾಂಟ್ ಕೇಳಿದರೆ ಮರಾಂಟಾ ಕೊಡಬಹುದು, ಕ್ಯಾಲತಿಯಾ ಕೊಡಬಹುದು, ಸ್ಟ್ರೊಮಾಂಥೆಯನ್ನೂ ಕೊಡಬಹುದು. ಎಲ್ಲವೂ ಮರಾಂಟೇಸಿ ಕುಟುಂಬದವೇ. ಇಲ್ಲಿ ಹೇಳುತ್ತಿರುವುದು ಮರಾಂಟಾ ಲ್ಯೂಕೊನ್ಯೂರಾ ಬಗ್ಗೆ. ಇದು ಬ್ರೆಜಿಲ್‌ನ ಕಾಡಿನ ಗಿಡ. ದೊಡ್ಡ ಮರಗಳ ಕೆಳಗೆ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಕ್ಯಾಲತಿಯಾ ಸಾಮಾನ್ಯವಾಗಿ ಬುಡದಿಂದ ನೆಟ್ಟಗೆ ಮೇಲೇಳುತ್ತದೆ. ಮರಾಂಟಾ ಅಡ್ಡಡ್ಡ ಹರಡಿ ಕುಂಡದ ಅಂಚಿನಿಂದ ಕೆಳಗೆ ಇಳಿಯುತ್ತದೆ. ಗುರುತಿಗೆ ಇಷ್ಟು ಸಾಕು.

ಮರಾಂಟಾದಲ್ಲೇ ನಮಗೆ ಜಾಸ್ತಿ ಸಿಗುವ ಬಗೆ ಎರಡು. ನರಗಳು ಕೆಂಪಗೆ ಗೆರೆ ಎಳೆದ ಹಾಗೆ ಇದ್ದರೆ ಎರಿತ್ರೊನ್ಯೂರಾ. ತಿಳಿಹಸಿರು ಎಲೆಯ ನಡುನರದ ಎರಡೂ ಬದಿಗೆ ಕಪ್ಪು-ಕಂದು ಮಚ್ಚೆ ಸಾಲಾಗಿ ಇದ್ದರೆ ಕೆರ್ಚೊವಿಯಾನಾ. ಆರೈಕೆ ಎರಡಕ್ಕೂ ಒಂದೇ.

ಇದರ ನಂಟರು ನಮ್ಮ ಅಡುಗೆಮನೆಯಲ್ಲೇ ಇದ್ದಾರೆ. ಆರಾರೂಟ್ ಹಿಟ್ಟು ಕೊಡುವ ಮರಾಂಟಾ ಅರುಂಡಿನೇಸಿಯಾ ಇದೇ ಕುಲದ್ದು. ಸ್ವಲ್ಪ ದೂರಕ್ಕೆ ಹೋದರೆ ಶುಂಠಿ, ಅರಿಶಿನ, ಏಲಕ್ಕಿ, ಬಾಳೆ, ಕಾಬಾಳೆ ಎಲ್ಲ ಒಂದೇ ಗಣ. ಬಾಳೆಯ ಸುಳಿ ಸುತ್ತಿಕೊಂಡು ಬಂದು ಆಮೇಲೆ ಬಿಚ್ಚುವುದನ್ನು ನೋಡಿದವರು ಮರಾಂಟಾದ ಹೊಸ ಎಲೆಯನ್ನು ಕಂಡರೆ ತಕ್ಷಣ ಗುರುತು ಹಿಡಿಯುತ್ತಾರೆ. ಅದೂ ಸುಳಿಯಾಗಿಯೇ ಬರುತ್ತದೆ.

ಎಲೆ ಹೇಗೆ ಏಳುತ್ತದೆ?

ಒಂದು ಎಲೆಯನ್ನು ಹತ್ತಿರದಿಂದ ನೋಡಿ. ತೊಟ್ಟು ಮುಗಿದು ಎಲೆಯ ಹಾಳೆ ಶುರುವಾಗುವ ಜಾಗದಲ್ಲಿ ಸ್ವಲ್ಪ ಉಬ್ಬಿದ ಒಂದು ಗೆಣ್ಣು ಇರುತ್ತದೆ. ಅದರ ಹೆಸರು ಪಲ್ವಿನಸ್. ಎಲೆ ಏಳುವುದು, ಮಲಗುವುದು ಎಲ್ಲ ನಡೆಯುವುದು ಇಷ್ಟು ಚಿಕ್ಕ ಜಾಗದಲ್ಲಿ.

ಗೆಣ್ಣಿನೊಳಗಿನ ಜೀವಕೋಶಗಳು ಪೊಟ್ಯಾಸಿಯಂನಂಥ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಒಳಗೆ ಎಳೆದುಕೊಳ್ಳುತ್ತವೆ, ಹೊರಗೆ ಬಿಡುತ್ತವೆ. ಅಯಾನು ಹೋದ ಕಡೆ ನೀರು ಹಿಂದೆಯೇ ಹೋಗುತ್ತದೆ. ಒಂದು ಬದಿಯ ಕೋಶಗಳು ನೀರು ತುಂಬಿ ಬಿಗಿಯುತ್ತವೆ, ಎದುರು ಬದಿಯವು ಸಡಿಲವಾಗುತ್ತವೆ. ಎಲೆ ಬಾಗುತ್ತದೆ. ಸಂಜೆಯಾದ ಮೇಲೆ ಎಲೆಗಳೆಲ್ಲ ಮೇಲೆದ್ದು ಕೈ ಮುಗಿದ ಹಾಗೆ ನಿಲ್ಲುತ್ತವೆ, ಬೆಳಗ್ಗೆ ಮತ್ತೆ ಅಗಲವಾಗಿ ಹರಡಿಕೊಳ್ಳುತ್ತವೆ. ಇಲ್ಲಿ ಸ್ನಾಯು ಇಲ್ಲ, ಇರುವುದು ಬರೀ ನೀರಿನ ಒತ್ತಡ. ಮುಟ್ಟಿದರೆ ಮುನಿ ಮುದುಡುವುದು, ಹುಣಸೆ ಎಲೆ ರಾತ್ರಿ ಮಡಚುವುದು ಇದೇ ಬಗೆಯ ಗೆಣ್ಣಿನಿಂದ.

ಲೈಟ್ ಆರಿಸಿದ್ದಕ್ಕೆ ಎಲೆ ಮಡಚಿತು ಅಂತ ಅನಿಸುತ್ತದೆ ಅಲ್ವಾ? ಅಷ್ಟೇ ಅಲ್ಲ. 1729ರಲ್ಲಿ ಫ್ರಾನ್ಸ್‌ನ ಡಿ ಮೆರಾನ್ ಎಂಬ ವಿಜ್ಞಾನಿ, ಹೀಗೆ ಎಲೆ ಮಡಚುವ ಇನ್ನೊಂದು ಗಿಡವನ್ನು ಪೂರ್ತಿ ಕತ್ತಲಲ್ಲಿ ಇಟ್ಟು ನೋಡಿದರು. ಬೆಳಕೇ ಇಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿದವು, ರಾತ್ರಿಯ ಹೊತ್ತಿಗೆ ಮಡಚಿದವು. ಗಿಡದೊಳಗೆ ಅದರದ್ದೇ ಗಡಿಯಾರ ಇದೆ. ಬೆಳಕು ಆ ಗಡಿಯಾರವನ್ನು ದಿನದಿನ ಸರಿಪಡಿಸುತ್ತದೆ. ಹಾಗಾದರೆ ಮಡಚಿ ಗಿಡಕ್ಕೇನು ಲಾಭ? ಡಾರ್ವಿನ್ 1880ರಲ್ಲಿ ಒಂದು ಉತ್ತರ ಕೊಟ್ಟರು. ರಾತ್ರಿ ಮಡಚದಂತೆ ಕೆಲವು ಗಿಡಗಳ ಎಲೆಗಳನ್ನು ಚಪ್ಪಟೆಯಾಗಿ ಹಿಡಿದಿಟ್ಟು ಬಯಲಿಗಿಟ್ಟಾಗ, ಮಡಚಿದ ಎಲೆಗಳಿಗಿಂತ ಅವಕ್ಕೆ ಚಳಿಯ ಪೆಟ್ಟು ಜಾಸ್ತಿ ಬಿತ್ತು. ಆಕಾಶಕ್ಕೆ ಮುಖ ಕೊಟ್ಟ ಎಲೆ ಬೇಗ ತಣ್ಣಗಾಗುತ್ತದೆ ಅನ್ನುವುದು ಅವರ ವಾದ. ಬಿಸಿ ಕಾಡಿನ ಮರಾಂಟಾಕ್ಕೂ ಇದೇ ಕಾರಣವಾ? ಆ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಮುಖ್ಯ ವಿಷಯ. ರಾತ್ರಿ ಎಲೆ ಮೇಲೆದ್ದು ನಿಲ್ಲುವುದು ಬೇರೆ, ಹಗಲಲ್ಲಿ ಎಲೆ ಸುರುಳಿ ಸುತ್ತುವುದು ಬೇರೆ. ಮೊದಲನೆಯದರಲ್ಲಿ ಎಲೆಯ ಹಾಳೆ ಅಗಲವಾಗಿಯೇ ಇರುತ್ತದೆ, ಗೆಣ್ಣು ಮಾತ್ರ ಬಾಗಿರುತ್ತದೆ. ಎರಡನೆಯದರಲ್ಲಿ ಹಾಳೆಯ ಎರಡೂ ಅಂಚು ಒಳಕ್ಕೆ ಸುತ್ತಿ ಬೀಡಿಯಷ್ಟು ಸಣ್ಣದಾಗುತ್ತದೆ. ಹೊಸಬರು ಎರಡನ್ನೂ ಒಂದೇ ಅಂದುಕೊಂಡುಬಿಡುತ್ತಾರೆ. ಮಧ್ಯಾಹ್ನ ಸುರುಳಿ ಕಂಡರೆ ಮಣ್ಣು ಒಣಗಿದೆ, ಇಲ್ಲವೇ ಗಾಳಿ ತೀರಾ ಒಣಗಿದೆ, ಇಲ್ಲವೇ ಬೇರು ಕೊಳೆತು ನೀರು ಎಳೆಯಲು ಆಗುತ್ತಿಲ್ಲ. ಬೆರಳು ಒಂದು ಇಂಚು ಒಳಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಮಣ್ಣು ಒದ್ದೆಯಾಗಿದ್ದೂ ಎಲೆ ಸುತ್ತಿದ್ದರೆ ಖಂಡಿತ ನೀರು ಹಾಕಬೇಡಿ. ಕುಂಡದಿಂದ ಗಿಡ ಎತ್ತಿ ಬೇರು ನೋಡಿ. ಕಂದಾಗಿ ಮೆತ್ತಗಾದ ಬೇರನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ.

ಇನ್ನೊಂದು ಪರೀಕ್ಷೆ. ರಾತ್ರಿ ಒಂಬತ್ತರ ಹೊತ್ತಿಗೆ ಗಿಡದ ಒಂದು ಫೋಟೊ ತೆಗೆಯಿರಿ, ಮಾರನೆಯ ದಿನ ಹನ್ನೊಂದಕ್ಕೆ ಅದೇ ಕೋನದಿಂದ ಇನ್ನೊಂದು. ಎರಡರ ನಡುವೆ ಎಲೆಯ ಓರೆ ಚೆನ್ನಾಗಿ ಬದಲಾಗಿದ್ದರೆ ಗಿಡ ಆರಾಮಾಗಿದೆ. ಬದಲಾವಣೆ ಕಾಣದಷ್ಟು ಕಡಿಮೆ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಬೆಳಕನ್ನು. ತೀರಾ ಕತ್ತಲ ಮೂಲೆಯಲ್ಲಿಟ್ಟ ಮರಾಂಟಾ ಈ ಚಲನೆಯನ್ನು ಕಡಿಮೆ ಮಾಡಿಬಿಡುತ್ತದೆ. ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲೂ ಅದರ ಲಯ ತಪ್ಪಬಹುದು.

ಬೆಳಕು

ಪೂರ್ವದ ಕಿಟಕಿ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಪರದೆಯಿಂದ ಸೋಸಿ ಬಂದರೆ ಇನ್ನೂ ಒಳ್ಳೆಯದು. ಪಶ್ಚಿಮದ ಬಿಸಿಲು ನೇರವಾಗಿ ಬಿದ್ದರೆ ಎಲೆಯ ಬಣ್ಣ ಮಾಸುತ್ತದೆ, ಕೆಂಪು ಗೆರೆಗಳು ಮಂಕಾಗುತ್ತವೆ, ಕೊನೆಗೆ ಒಣ ಮಚ್ಚೆ ಬೀಳುತ್ತದೆ. ಗಿಡದ ಪಕ್ಕ ಕೂತು ಲೈಟ್ ಹಾಕದೆ ಪೇಪರ್ ಓದಲು ಆಗುವಷ್ಟು ಬೆಳಕಿದ್ದರೆ ಸಾಕು.

ನೀರು: ಎಷ್ಟು ಅನ್ನುವುದಕ್ಕಿಂತ ಎಂಥದು

ಮರಾಂಟಾದ ಬಗ್ಗೆ ನಮ್ಮಲ್ಲಿ ಬರುವ ದೂರುಗಳಲ್ಲಿ ಮುಂದಿರುವುದು ಎಲೆಯ ಅಂಚು ಕಂದಾಗುವುದು. ಗಾಳಿ ಒಣಗಿದೆ ಅಂತ ಎಲ್ಲರೂ ಸ್ಪ್ರೇ ಬಾಟಲ್ ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದ್ದು ನೀರನ್ನು.

ಬೇರು ಎಳೆದ ನೀರು ಎಲೆಗೆ ಹೋಗಿ ಆವಿಯಾಗುತ್ತದೆ. ನೀರಿನ ಜೊತೆ ಬಂದ ಉಪ್ಪು ಆವಿಯಾಗುವುದಿಲ್ಲ. ಅದು ಹರಿವಿನ ಕೊನೆಯಲ್ಲಿ, ಅಂದರೆ ಎಲೆಯ ತುದಿ ಮತ್ತು ಅಂಚಿನಲ್ಲಿ ಸೇರಿಕೊಳ್ಳುತ್ತದೆ. ದಿನ ಕಳೆದಂತೆ ಅಲ್ಲಿನ ಕೋಶಗಳು ಸಾಯುತ್ತವೆ. ಫ್ಲೋರೈಡ್ ಈ ವಿಷಯದಲ್ಲಿ ತುಂಬಾ ಕೆಟ್ಟದ್ದು, ಮರಾಂಟಾ ಫ್ಲೋರೈಡ್ ತಡೆಯದ ಗಿಡಗಳ ಪಟ್ಟಿಯಲ್ಲೇ ಇದೆ. ನಾವು ಕುಡಿದರೆ ತೊಂದರೆಯಿಲ್ಲ ಅನ್ನುವಷ್ಟು ಪ್ರಮಾಣವೂ ಈ ಎಲೆಗೆ ಜಾಸ್ತಿಯಾಗಬಹುದು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಗೊತ್ತಿರುವ ವಿಷಯ. ಬೆಂಗಳೂರಿನ ಬಡಾವಣೆಗಳ ಬೋರ್ ನೀರು ಗಡುಸು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಕುಂಡದ ಮಣ್ಣಿನ ಮೇಲೂ ಕಟ್ಟುತ್ತದೆ.

ನೀರನ್ನು ಒಂದು ರಾತ್ರಿ ತೆರೆದಿಟ್ಟರೆ ಸಾಕು ಅಂತ ಹೇಳುತ್ತಾರೆ. ಅದರಿಂದ ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ಉಪ್ಪೂ ಹೋಗುವುದಿಲ್ಲ. ಕುದಿಸಿದರೂ ಫ್ಲೋರೈಡ್ ಅಲ್ಲೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಜಾಸ್ತಿಯಾಗುತ್ತದೆ. ಇನ್ನು ಆರ್‌ಒ ಯಂತ್ರದಿಂದ ಹೊರಬೀಳುವ ನೀರು. ಅದನ್ನು ಹಿಡಿದಿಟ್ಟು ನೆಲ ಒರೆಸುವುದು ಒಳ್ಳೆಯ ಅಭ್ಯಾಸ. ಆದರೆ ಯಂತ್ರ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ಮರಾಂಟಾಕ್ಕೆ ಅದನ್ನು ಹಾಕಲೇಬೇಡಿ.

ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಅದಿಲ್ಲದಿದ್ದರೆ ಆರ್‌ಒ ಯಂತ್ರದ ಕುಡಿಯುವ ನೀರು. ಬೋರ್ ನೀರೇ ಗತಿ ಅನ್ನುವವರು ತಿಂಗಳಿಗೊಮ್ಮೆಯಾದರೂ ಕುಂಡದ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಮಳೆನೀರನ್ನೋ ಆರ್‌ಒ ನೀರನ್ನೋ ನಿಧಾನವಾಗಿ ಸುರಿಯಬೇಕು. ಮಣ್ಣಿನಲ್ಲಿ ಕೂತ ಉಪ್ಪು ಅದರ ಜೊತೆ ಇಳಿದುಹೋಗುತ್ತದೆ. ತಟ್ಟೆಯಲ್ಲಿ ನಿಂತ ಆ ನೀರನ್ನು ಚೆಲ್ಲಿಬಿಡಿ. ಗೊಬ್ಬರದಲ್ಲೂ ಸೂಪರ್ ಫಾಸ್ಫೇಟ್ ಬೇಡ. ಅದು ಶಿಲಾರಂಜಕದಿಂದ (ರಾಕ್ ಫಾಸ್ಫೇಟ್ ಎಂಬ ಕಲ್ಲಿನಿಂದ) ತಯಾರಾಗುವುದು, ಫ್ಲೋರೈಡ್ ಜೊತೆಗೇ ಬರುತ್ತದೆ.

ಒಮ್ಮೆ ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. ನೋಡಲು ಬೇಜಾರಾದರೆ ಎಲೆಯ ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಆದರೆ ಕಂದು ಗೆರೆಯನ್ನು ಕೂದಲೆಳೆಯಷ್ಟು ಉಳಿಸಿ. ಹಸಿರಿಗೇ ಕತ್ತರಿ ಹಾಕಿದರೆ ಹೊಸ ಗಾಯ ಮತ್ತೆ ಕಂದಾಗುತ್ತದೆ. ನೀರು ಬದಲಿಸಿದ್ದು ಸರಿಹೋಯಿತಾ ಅಂತ ತಿಳಿಯಲು ಹಳೆ ಎಲೆ ನೋಡಬೇಡಿ, ಆಮೇಲೆ ಬಂದ ಸುಳಿ ನೋಡಿ.

ಬೆಳಗ್ಗೆ ಬೇಗ ಎಲೆಯ ತುದಿಯಲ್ಲಿ ಒಂದು ಹನಿ ನೀರು ನಿಂತಿರುವುದು ಕಂಡರೆ ಹೆದರಬೇಡಿ. ರಾತ್ರಿ ಬೇರು ಎಳೆದ ನೀರು ಹೆಚ್ಚಾದಾಗ ಗಿಡ ಹೀಗೆ ಹೊರಹಾಕುತ್ತದೆ. ಆ ಹನಿ ಒಣಗಿದ ಜಾಗದಲ್ಲಿ ಬಿಳಿ ಚುಕ್ಕೆ ಉಳಿದರೆ, ನೀರಿನಲ್ಲಿ ಉಪ್ಪಿದೆ ಅನ್ನುವುದಕ್ಕೆ ಅದೂ ಒಂದು ಸುಳಿವು.

ಗಾಳಿ, ಚಳಿ

ಗಾಳಿಯ ತೇವ 50 ಪರ್ಸೆಂಟ್‌ಗಿಂತ ಮೇಲಿದ್ದರೆ ಗಿಡ ಖುಷಿಯಾಗಿರುತ್ತದೆ. ಕರಾವಳಿ, ಮಲೆನಾಡಿನವರಿಗೆ ಈ ಚಿಂತೆಯೇ ಇಲ್ಲ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ, ಬಯಲುಸೀಮೆಯಲ್ಲಿ ಮುಂಗಾರು ಹಿಡಿಯುವ ತನಕ ಕಷ್ಟ. ಎಲೆಗೆ ನೀರು ಚಿಮುಕಿಸಿದರೆ ತೇವ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ, ಬೋರ್ ನೀರಾದರೆ ಎಲೆಯ ಮೇಲೆ ಕಲೆ ಬೇರೆ. ನಾಲ್ಕಾರು ಗಿಡಗಳನ್ನು ಒತ್ತೊತ್ತಾಗಿ ಇಡುವುದು, ಫ್ಯಾನ್ ಮತ್ತು ಎಸಿಯ ಗಾಳಿ ನೇರ ಬೀಳದ ಹಾಗೆ ನೋಡಿಕೊಳ್ಳುವುದು ಇದಕ್ಕಿಂತ ಉಪಯೋಗ. ಕಿಟಕಿ ಇರುವ ಬಚ್ಚಲುಮನೆ ಇದ್ದರೆ ಅದು ಒಳ್ಳೆಯ ಜಾಗ.

18ರಿಂದ 27 ಡಿಗ್ರಿ ಇದಕ್ಕೆ ಹಿತ. 15ಕ್ಕಿಂತ ಕೆಳಗೆ ಹೋದರೆ ಬೆಳವಣಿಗೆ ನಿಲ್ಲುತ್ತದೆ. ಡಿಸೆಂಬರ್ ರಾತ್ರಿ ಬಾಲ್ಕನಿಯಲ್ಲಿ ಬಿಡಬೇಡಿ, ಆ ತಿಂಗಳುಗಳಲ್ಲಿ ನೀರೂ ಕಡಿಮೆ ಮಾಡಿ.

ಮಣ್ಣು, ಕುಂಡ

ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಆಳದ ಕುಂಡಕ್ಕಿಂತ ಅಗಲದ್ದು ಲೇಸು. ಆಳದ ಕುಂಡದಲ್ಲಿ ಬೇರು ಮುಟ್ಟದ ತಳದ ಮಣ್ಣು ಸುಮ್ನೆ ಒದ್ದೆಯಾಗಿ ಕೊಳೆಯುತ್ತದೆ. ಕೆಂಪು ಮಣ್ಣೊಂದನ್ನೇ ತುಂಬಿದರೆ ಗಟ್ಟಿಯಾಗಿಬಿಡುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎಲೆಗೊಬ್ಬರ ಇಲ್ಲವೇ ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಚೂರು) ಅಥವಾ ಸುಟ್ಟ ಭತ್ತದ ಹೊಟ್ಟು ಸಾಕು. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಮೂರು ಸಲ ಹಿಂಡಿ ತೊಳೆದೇ ಬಳಸಿ. ತೆಂಗಿನ ನಾರಿನಲ್ಲೂ ಉಪ್ಪಿರುತ್ತದೆ. ಗೊಬ್ಬರ ಅಂದರೆ ಗಿಡ ಬೆಳೆಯುವ ತಿಂಗಳುಗಳಲ್ಲಿ 19:19:19ನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಒಂದು ಲೀಟರ್ ನೀರಿಗೆ ಅರ್ಧ ಗ್ರಾಂನಷ್ಟು, ತಿಂಗಳಿಗೊಮ್ಮೆ. ಜಾಸ್ತಿ ಹಾಕಿದರೆ ಅದೂ ಉಪ್ಪೇ.

ಹುಳ

ಒಣಹವೆಯಲ್ಲಿ ಜೇಡರ ನುಸಿ ಬರುತ್ತದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಬಿದ್ದ ಧೂಳಿನಂಥ ಚುಕ್ಕೆ ನಡೆದಾಡಿದರೆ ಅದೇ ನುಸಿ. ಎಲೆಯ ಎರಡೂ ಮಗ್ಗುಲನ್ನು ನೀರಿನಿಂದ ತೊಳೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಮೆದು ಸೋಪಿನ ಜೊತೆ ಕದಡಿ ಸಂಜೆ ಸಿಂಪಡಿಸಿ. ಹಿಟ್ಟು ತಿಗಣೆಗೂ ಇದೇ ಮದ್ದು. ಬೆಕ್ಕು, ನಾಯಿ ಇರುವ ಮನೆಯವರಿಗೆ ಒಂದು ನೆಮ್ಮದಿ: ಮರಾಂಟಾ ಅವಕ್ಕೆ ವಿಷವಲ್ಲ.

ಹೊಸ ಗಿಡ ಮಾಡುವುದು

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾಡಿ. ಹಬ್ಬಿದ ಕಾಂಡದಲ್ಲಿ ಎಲೆಯ ತೊಟ್ಟು ಹುಟ್ಟುವ ಜಾಗದಲ್ಲಿ ಗಂಟು ಕಾಣುತ್ತದೆ. ಅದರ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಗಂಟಿಲ್ಲದ ಬರೀ ಎಲೆಯನ್ನು ನೀರಿಗೆ ಹಾಕಿದರೆ ಹೊಸ ಗಿಡ ಆಗುವುದೇ ಇಲ್ಲ. ಗಂಟು ಮುಳುಗುವಷ್ಟು ಮಳೆನೀರು ಗಾಜಿನ ಲೋಟದಲ್ಲಿ ಹಾಕಿ ಇಡಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಬೇರು ಒಂದೆರಡು ಇಂಚು ಉದ್ದವಾದಾಗ ಚಿಕ್ಕ ಕುಂಡಕ್ಕೆ ದಾಟಿಸಿ. ನೀರಿನಲ್ಲಿ ಬೆಳೆದ ಬೇರು ಮಣ್ಣಿಗೆ ಒಗ್ಗಲು ಹೊತ್ತು ಬೇಕು. ಮೊದಲ ವಾರ ಮಣ್ಣು ಸ್ವಲ್ಪ ಜಾಸ್ತಿಯೇ ತೇವ ಇರಲಿ. ಹೊಸ ಸುಳಿ ಬಿಚ್ಚುವ ತನಕ ಗೊಬ್ಬರ ಬೇಡ.