ಮುಖದ ಮೇಲೊಂದು ಗಾರೆ ಗೋಡೆ

ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಎಣ್ಣೆ ಹೀರಿದ ಕಡೆಯೆಲ್ಲ ಕಾಗದ ತಿಳಿಯಾಗಿ, ಆಚೆ ಬದಿಯ ಅಕ್ಷರ ಈಚೆಗೆ ಕಾಣುತ್ತದೆ. ಒಣ ಕಾಗದದ ನಾರುಗಳ ಸಂದಿಯಲ್ಲಿ ಗಾಳಿ ತುಂಬಿರುತ್ತದೆ. ಬಿದ್ದ ಬೆಳಕು ಅಲ್ಲಿ ಚದುರಿಹೋಗುವುದರಿಂದ ಕಾಗದ ನಮಗೆ ಬೆಳ್ಳಗೆ ಕಾಣುತ್ತದೆ. ಆ ಸಂದಿಗೆ ಎಣ್ಣೆ ಇಳಿಯಿತೆಂದರೆ ಚದುರುವಿಕೆ ಕಡಿಮೆಯಾಗಿ ಬೆಳಕು ಹಾಯ್ದು ಬರುತ್ತದೆ. ಚರ್ಮದ ಜಿಡ್ಡನ್ನು ಅಳೆಯುವ ಸೀಬಮೀಟರ್ ಎಂಬ ಉಪಕರಣ ಕೆಲಸ ಮಾಡುವುದೂ ಹೀಗೆಯೇ. ಮಸುಕಾದ ಸಣ್ಣ ಪ್ಲಾಸ್ಟಿಕ್ ಪಟ್ಟಿಯನ್ನು ಅರ್ಧ ನಿಮಿಷ ಹಣೆಗೆ ಒತ್ತುತ್ತಾರೆ. ಜಿಡ್ಡು ಹತ್ತಿದಷ್ಟೂ ಪಟ್ಟಿ ತಿಳಿಯಾಗುತ್ತದೆ, ಎಷ್ಟು ಬೆಳಕು ದಾಟಿತು ಎಂಬುದನ್ನು ಯಂತ್ರ ಅಳೆಯುತ್ತದೆ.

ನಿಮ್ಮ ಮುಖದ ಚರ್ಮ ಯಾವ ಬಗೆಯದೆಂದು ಮನೆಯಲ್ಲೇ ತಿಳಿಯಲು ಟಿಶ್ಯೂ ಕಾಗದ ಸಾಕು. ರಜೆಯ ದಿನ ಬೆಳಿಗ್ಗೆ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಅಷ್ಟು ಹೊತ್ತು ಫ್ಯಾನಿನ ಕೆಳಗೂ ಬೇಡ, ಒಲೆಯ ಮುಂದೂ ಬೇಡ. ಆಮೇಲೆ ಟಿಶ್ಯೂವಿನ ಚೂರುಗಳನ್ನು ಹಣೆ, ಮೂಗು, ಕೆನ್ನೆ, ಗಲ್ಲಕ್ಕೆ ಬೇರೆಬೇರೆಯಾಗಿ ಒತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಲ್ಲದರಲ್ಲೂ ಜಿಡ್ಡಿನ ಗುರುತು ಬಿದ್ದಿದ್ದರೆ ಎಣ್ಣೆ ಚರ್ಮ. ಹಣೆ, ಮೂಗು, ಗಲ್ಲದ ಚೂರಿನಲ್ಲಿ ಮಾತ್ರ ಇದ್ದರೆ ಮಿಶ್ರ ಚರ್ಮ. ಯಾವುದರಲ್ಲೂ ಇಲ್ಲದೆ, ನಕ್ಕಾಗ ಕೆನ್ನೆ ಬಿಗಿದಂತಾದರೆ ಒಣ ಚರ್ಮ. ಗುರುತೂ ಇಲ್ಲ, ಬಿಗಿತವೂ ಇಲ್ಲ ಎಂದರೆ ಸಾಧಾರಣ ಚರ್ಮ. ಜಿಡ್ಡು ಒಸರುವ ಗ್ರಂಥಿಗಳು ಮುಖ ಮತ್ತು ನೆತ್ತಿಯಲ್ಲಿ ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಇರುತ್ತವೆ, ಅಂಗೈ ಅಂಗಾಲಿನಲ್ಲಿ ಒಂದೂ ಇಲ್ಲ. ಮುಖದಲ್ಲೂ ಅವು ನಡುಭಾಗದಲ್ಲೇ ಹೆಚ್ಚು ದಟ್ಟ.

ಸೂಕ್ಷ್ಮ ಚರ್ಮ ಎಂಬುದನ್ನು ಕಾಗದ ತೋರಿಸುವುದಿಲ್ಲ. ಎಣ್ಣೆ ಮುಖದವರಿಗೂ ಅದಿರಬಹುದು, ಒಣ ಮುಖದವರಿಗೂ ಇರಬಹುದು. ಹೊಸದೇನು ಹಚ್ಚಿದರೂ ಉರಿ, ತುರಿಕೆ, ಕೆಂಪು ಬರುವುದೇ ಅದರ ಲಕ್ಷಣ.

ಒಣ, ಎಣ್ಣೆ, ಸಾಧಾರಣ ಎಂಬ ವಿಂಗಡಣೆಯನ್ನು ಜನರ ಬಾಯಿಗೆ ತಂದವರಲ್ಲಿ ಹೆಲೆನಾ ರೂಬಿನ್‌ಸ್ಟೈನ್ ಮುಖ್ಯಳು. ಪೋಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗಿ, 20ನೇ ಶತಮಾನದ ಆರಂಭದಲ್ಲಿ ಕ್ರೀಮಿನ ವ್ಯಾಪಾರ ಕಟ್ಟಿದ ಹೆಣ್ಣುಮಗಳು ಆಕೆ. ಅಂದರೆ ಈ ಹೆಸರುಗಳು ಪ್ರಯೋಗಾಲಯಕ್ಕಿಂತ ಅಂಗಡಿಗೆ ಹತ್ತಿರದವು. ಅವು ಉಪಯುಕ್ತ ಹೌದು, ಆದರೆ ಹುಟ್ಟಿನಿಂದ ಅಂಟಿಕೊಂಡು ಬಂದ ಗೋತ್ರದ ಹಾಗೆ "ನಂದು ಎಣ್ಣೆ ಚರ್ಮ" ಎಂದು ಜೀವಮಾನವಿಡೀ ಹೇಳಿಕೊಳ್ಳುವುದು ಸರಿಯಲ್ಲ. ಹದಿಹರೆಯದಲ್ಲಿ ಜಿಡ್ಡು ಉಕ್ಕುತ್ತದೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇಳಿಯುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಜಿಡ್ಡಿನಿಂದ ಜಿಗುಟಾಗುವ ಮುಖ ಜನವರಿಯ ಬೆಂಗಳೂರಿನಲ್ಲಿ ಹೊಟ್ಟೇಳುತ್ತದೆ.

ಜಿಡ್ಡಿಗಿಂತ ನಾವು ಹೆಚ್ಚು ಗಮನ ಕೊಡಬೇಕಾದದ್ದು ಅದರ ಅಡಿಯಲ್ಲಿರುವ ಪದರಕ್ಕೆ. ಚರ್ಮದ ತೀರಾ ಹೊರಗಿನ ಪದರ ಸುಮಾರು 10ರಿಂದ 20 ಮೈಕ್ರಾನ್ ದಪ್ಪ. ನೂರು ಮೈಕ್ರಾನಿನ ಬರೆಯುವ ಹಾಳೆಯ ಐದನೇ ಒಂದು ಭಾಗವೂ ಸರಿಯಾಗಿ ಬರದು. ಅಷ್ಟರಲ್ಲೇ ಹತ್ತಾರು ಸಾಲು ಸತ್ತ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಚರ್ಮತಜ್ಞರು ದಶಕಗಳಿಂದ ಇದನ್ನು ಇಟ್ಟಿಗೆ-ಗಾರೆಯ ಗೋಡೆಗೆ ಹೋಲಿಸುತ್ತ ಬಂದಿದ್ದಾರೆ. ಕೋಶಗಳು ಇಟ್ಟಿಗೆ, ಅವುಗಳ ಸಂದಿಯಲ್ಲಿ ತುಂಬಿರುವ ಕೊಬ್ಬು ಗಾರೆ. ಆ ಗಾರೆಯಲ್ಲಿ ಹೆಚ್ಚುಕಡಿಮೆ ಅರ್ಧ ಸೆರಮೈಡ್ ಎಂಬ ಕೊಬ್ಬು, ಉಳಿದದ್ದು ಬಹುಮಟ್ಟಿಗೆ ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಮೈಯ ನೀರು ಆವಿಯಾಗಿ ಹೋಗದಂತೆ, ಹೊರಗಿನ ಕೊಳೆ ಒಳಗಿಳಿಯದಂತೆ ತಡೆಯುವುದು ಈ ಗಾರೆ.

ಗಾರೆ ಉದುರಿದರೆ ಹೇಗಿರುತ್ತದೆಂದು ಚಿಕ್ಕಂದಿನಲ್ಲಿ ನಾವೆಲ್ಲ ನೋಡಿದ್ದೇವೆ. ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತಿತ್ತು, ಹೆಸರು ಕೂಡ ಬರೆಯಬಹುದಿತ್ತು. ಒಣಗಿ ಅಂಚು ಎದ್ದ ಕೋಶಗಳ ಸಂದಿಗೆ ಗಾಳಿ ಹೊಕ್ಕು, ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಅಮ್ಮ ಕೊಬ್ಬರಿ ಎಣ್ಣೆ ಸವರಿದ ಕೂಡಲೇ ಗೆರೆ ಮಾಯ. ಬಜ್ಜಿ ಕಾಗದದಲ್ಲಿ ಆಗಿದ್ದೇ ಇಲ್ಲೂ ಆಗಿದ್ದು. ಗೆರೆ ಕಾಣದಾದ ಮಾತ್ರಕ್ಕೆ ಗೋಡೆ ದುರಸ್ತಿಯಾಯಿತು ಎಂದಲ್ಲ. ಎಣ್ಣೆ ಮೇಲಿಂದ ಮುಚ್ಚಳ ಹಾಕಿ ನೀರು ಆರದಂತೆ ಹಿಡಿದಿರುತ್ತದೆ, ರಿಪೇರಿ ಒಳಗಿನಿಂದ ನಿಧಾನವಾಗಿ ನಡೆಯುತ್ತದೆ.

ನನಗೆ ಇದು ಅರ್ಥವಾದದ್ದು ಪೆಟ್ಟು ತಿಂದ ಮೇಲೆ. ಹಾಸ್ಟೆಲಿನ ದಿನಗಳಲ್ಲಿ ಮೊಡವೆಯ ಭಯಕ್ಕೆ ದಿನಕ್ಕೆ ಐದು ಸಲ ಸೋಪು ಹಾಕಿ ಮುಖ ತೊಳೆಯುತ್ತಿದ್ದೆ. ಅಲ್ಲಿದ್ದದ್ದು ಗಡಸಾದ ಬೋರ್‌ವೆಲ್ ನೀರು. ನೊರೆ ಬರುತ್ತಿರಲಿಲ್ಲ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಗುಟು ಕಟ್ಟುತ್ತಿತ್ತು. ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಆಗುವ ಕರಗದ ವಸ್ತು ಅದು, ಬಕೆಟ್ಟಿಗೆ ಹತ್ತಿದಂತೆ ಚರ್ಮಕ್ಕೂ ಹತ್ತುತ್ತದೆ. ಕೆಲವೇ ತಿಂಗಳಲ್ಲಿ ನೀರು ಸೋಕಿದರೂ ಕೆನ್ನೆ ಉರಿಯತೊಡಗಿತು. ಅಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ಮೂಗು ಜಿಡ್ಡೇ! ನಾನು ತೋರಿಸಿಕೊಂಡ ವೈದ್ಯೆ ಹೇಳಿದ್ದು ಇಷ್ಟು: "ಜಿಡ್ಡಿನ ಗ್ರಂಥಿ ಹಾರ್ಮೋನಿನ ಮಾತು ಕೇಳುತ್ತಮ್ಮ, ಸೋಪಿನ ಮಾತು ಕೇಳಲ್ಲ. ನೀನು ತೊಳೆದು ತೆಗೀತಿರೋದು ಗೋಡೇನ."

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ 5ರ ಆಸುಪಾಸು. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು, ಏರಿದಷ್ಟೂ ಕ್ಷಾರ ಹೆಚ್ಚು. ಗಾರೆಯನ್ನು ತಯಾರಿಸುವ ಕಿಣ್ವಗಳಿಗೆ ಆ ಹುಳಿಯೇ ಬೇಕು. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಒಮ್ಮೆ ತೊಳೆದರೆ ಚರ್ಮ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ, ಐದು ಸಲ ತೊಳೆದರೆ ಸರಿಹೋಗಲು ಪುರುಸೊತ್ತೇ ಸಿಗುವುದಿಲ್ಲ. ಹಾಗೆಂದು ಹುಳಿ ಒಳ್ಳೆಯದಲ್ಲವೇ ಎಂದು ನಿಂಬೆಹಣ್ಣು ಉಜ್ಜಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ನಿಂಬೆರಸದ ಪಿಎಚ್ 2ರ ಹತ್ತಿರ, ಸಾಲದ್ದಕ್ಕೆ ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಸುತ್ತವೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಕಡಲೆಹಿಟ್ಟು, ಸೀಗೆಪುಡಿ ಬಳಸುವುದಕ್ಕೆ ನನ್ನ ತಕರಾರಿಲ್ಲ. ಮೊಡವೆಯಿರುವ ಮುಖವನ್ನು ಅದರಿಂದ ಗಸಗಸ ತಿಕ್ಕುವುದಕ್ಕೆ ಇದೆ.

ಹಾಗಾದರೆ ದಿನವೂ ಏನು ಮಾಡಬೇಕು? ತೊಳೆಯುವುದು, ತೇವ ಹಿಡಿಯುವುದು, ಬಿಸಿಲಿಗೆ ಮರೆ ಮಾಡುವುದು. ಮೂರೇ ಕೆಲಸ.

ತೊಳೆಯುವುದು ದಿನಕ್ಕೆರಡು ಸಲ ಸಾಕು, ಒಣ ಚರ್ಮದವರಿಗೆ ಬೆಳಿಗ್ಗೆ ಬರೀ ನೀರಾದರೂ ಆದೀತು. ಸೋಪ್-ಫ್ರೀ ಎಂದೋ ಪಿಎಚ್ 5.5 ಎಂದೋ ಬರೆದಿರುವ ಫೇಸ್‌ವಾಶ್ ಆರಿಸಿಕೊಳ್ಳಿ. ಹಂಡೆಯ ಸುಡುನೀರು ಮುಖಕ್ಕೆ ಬೇಡ, ಅದೂ ಗಾರೆಯನ್ನು ಕರಗಿಸುತ್ತದೆ. ಒರೆಸಿದ ಮುಖ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಅದರಲ್ಲಿರುವ ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿಯಂಥವು ಮೇಲೆ ಮುಚ್ಚಳವಾಗುತ್ತವೆ. ಎಣ್ಣೆ ಚರ್ಮದವರು ತೆಳುವಾದ ಜೆಲ್, ಒಣ ಚರ್ಮದವರು ಗಟ್ಟಿ ಕ್ರೀಮ್ ತೆಗೆದುಕೊಳ್ಳಬೇಕು. ಟಿಶ್ಯೂ ಪರೀಕ್ಷೆ ನಿಜಕ್ಕೂ ನೆರವಾಗುವುದು ಈ ಒಂದು ಆಯ್ಕೆಯಲ್ಲಿ.

ಸನ್‌ಸ್ಕ್ರೀನ್ ವಿಷಯದಲ್ಲಿ ನಮ್ಮವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಪ್ರಮಾಣ. ಬಿಸಿಲಿನ ಸುಡುವಿಕೆಯಿಂದ ಎಷ್ಟು ರಕ್ಷಣೆ ಎಂದು ಹೇಳುವ, ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಬರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಸಾಮಾನ್ಯವಾಗಿ ಜನ ಹಚ್ಚುವುದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ ಕತ್ತಿಗೆ ಸರಿಹೋಗುತ್ತದೆ. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು, 50 ಸುಮಾರು ಶೇ. 98ರಷ್ಟು ಚರ್ಮ ಸುಡುವ ಯುವಿಬಿ ಎಂಬ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆ ಒಂದಂಶಕ್ಕೆ ದುಡ್ಡು ಸುರಿಯುವುದಕ್ಕಿಂತ 30ನ್ನೇ ಧಾರಾಳವಾಗಿ ಹಚ್ಚುವುದು ಮೇಲು. ಎರಡನೆಯದು, ಸೆಕೆಯಿಲ್ಲ ಅಂದರೆ ಬಿಸಿಲಿಲ್ಲ ಎಂಬ ಭಾವನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದರೂ ಅತಿನೇರಳೆ ಕಿರಣ ಪ್ರಖರವಾಗಿಯೇ ಇರುತ್ತದೆ. ಅದರಲ್ಲಿ ಯುವಿಎ ಎಂಬ ಬಗೆ ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತದೆ.

ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು, ಚರ್ಮ ಸುಟ್ಟು ಕೆಂಪಾಗದಂತೆ ಬಹುಮಟ್ಟಿಗೆ ಕಾಯುತ್ತದೆ. ಆದರೆ ಅದೇ ಚರ್ಮ ಸಣ್ಣ ಗಾಯಕ್ಕೂ ಕಪ್ಪು ಕಲೆಯಿಂದ ಉತ್ತರ ಕೊಡುತ್ತದೆ. ಮೊಡವೆ ಮಾಗಿದ ಗುರುತು, ಕೆನ್ನೆಯ ಬಂಗು ಹೀಗೆ ಉಳಿದುಕೊಳ್ಳುತ್ತವೆ. ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಗಾಢ ಮಾಡುತ್ತದೆ. ಅದನ್ನು ತಡೆಯಲು ಕಬ್ಬಿಣದ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಬೇಕು.

ಇಲ್ಲಿ ಒಂದು ನೋವಿನ ಸಂಗತಿ ಹೇಳಲೇಬೇಕು. ಬಂಧುಗಳ ಮನೆಯ ಹುಡುಗಿಯೊಬ್ಬಳು ಮದುವೆಗೆ ಮುಂಚೆ "ಬೆಳ್ಳಗಾಗಲು" ಅಂಗಡಿಯವರು ಕೊಟ್ಟ ಟ್ಯೂಬೊಂದನ್ನು ತಿಂಗಳುಗಟ್ಟಲೆ ಹಚ್ಚಿದಳು. ಮೊದಲ ವಾರಗಳಲ್ಲಿ ಮುಖ ಹೊಳೆಯಿತು. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣತೊಡಗಿದವು, ಕೂದಲು ಹುಟ್ಟಿತು, ಹಚ್ಚುವುದನ್ನು ಬಿಟ್ಟರೆ ಉರಿ ತಡೆಯಲಾಗುತ್ತಿರಲಿಲ್ಲ. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್, ಉರಿಯೂತ ತಗ್ಗಿಸುವ ಪ್ರಬಲ ಔಷಧ. ಹಚ್ಚುವ ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿತು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಹಿಂದೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಎಂದು ಕಂಡರೆ ಚರ್ಮದ ವೈದ್ಯರು ಹೇಳದ ಹೊರತು ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಬಿಡುವುದೂ ಅವರ ಕಣ್ಗಾವಲಿನಲ್ಲೇ ಆಗಲಿ.

ಹೊಸದೇನೇ ತಂದರೂ ಒಂದು ಸಲಕ್ಕೆ ಒಂದೇ. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಖಕ್ಕೆ. ಹೊರಚರ್ಮ ತಳದಿಂದ ಹುಟ್ಟಿ ಮೇಲೆ ಬಂದು ಉದುರುವುದಕ್ಕೆ ಎಳೆಯರಲ್ಲೇ ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ನಾಲ್ಕು ವಾರ ಕಾಯದೆ ಫಲ ಸಿಕ್ಕಿತೋ ಇಲ್ಲವೋ ಹೇಳಲಾಗದು. ನನ್ನ ಕೆನ್ನೆಯ ಉರಿ ನಿಂತದ್ದೂ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ, ಸೋಪು ಬಿಟ್ಟು, ಸಾದಾ ಮಾಯಿಶ್ಚರೈಸರ್ ಒಂದನ್ನೇ ಹಚ್ಚಿದಾಗ.

ಈಗಲೂ ಋತು ಬದಲಾದಾಗ ಟಿಶ್ಯೂ ಒತ್ತಿ ನೋಡಿ, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುತ್ತೇನೆ. ಈ ಜನವರಿಯ ಪುಟದಲ್ಲಿ "ಮೂಗು ಮಾತ್ರ" ಎಂದಿದೆ, ಮೇ ಪುಟದಲ್ಲಿ "ಹಣೆ, ಮೂಗು, ಗಲ್ಲ". ಗಟ್ಟಿ ಕ್ರೀಮಿನ ಡಬ್ಬಿ ಮೇ ತಿಂಗಳಿನಿಂದ ಹಿಮ್ಮಡಿಗೆ ಹೋಗಿದೆ.