ಫೈರ್‌ವಾಲ್ ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಗಲ್ಲಾದ ಪಕ್ಕದ ಕಂಪ್ಯೂಟರ್‌ನಲ್ಲಿ ವಿಂಡೋಸ್ 10. ಅದಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದು ಯಾರೋ ಹೇಳಿದರು. ಹೆದರಿ ಒಂದು ಉಚಿತ ಫೈರ್‌ವಾಲ್ ಹಾಕಿಕೊಂಡೆ. ರೀಸ್ಟಾರ್ಟ್ ಕೇಳಿತು, ಕೊಟ್ಟೆ. ಅಲ್ಲಿಂದ ಚುಕ್ಕಿಗಳು ಸುತ್ತುತ್ತಲೇ ಇವೆ. ಆಮೇಲೆ ನೀಲಿ ಪರದೆ ಬಂದು ಮತ್ತೆ ಮೊದಲಿನಿಂದ ಶುರು. ರಿಪೇರಿಯವರು ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿಯಿಲ್ಲ ಎನ್ನುತ್ತಿದ್ದಾರೆ. ಮೂರು ವರ್ಷದ ಲೆಕ್ಕ ಅದರಲ್ಲೇ ಇದೆ. 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್ ಬೇರೆ ಕಟ್ಟಬೇಕು. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಇವತ್ತಂತೂ ಬೇಡ.

ನಿಮ್ಮ ಹೋಟೆಲನ್ನೇ ನೋಡಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಷಟರ್ ಎತ್ತುವ ಹುಡುಗ ಒಬ್ಬ ಇರುತ್ತಾನೆ. ಅವನು ಒಂದು ದಿನ ಬಾಗಿಲಲ್ಲೇ ತಲೆಸುತ್ತಿ ಬಿದ್ದರೆ ಹೋಟೆಲ್ ತೆರೆಯುವುದಿಲ್ಲ, ನಿಜ. ಹಾಗಂತ ಸ್ಟೋರ್ ರೂಮಿನ ಅಕ್ಕಿ, ಉದ್ದು ಹಾಳಾಗುತ್ತದಾ? ನೀವು ಹೇಳಿದ ಲಕ್ಷಣ ನೋಡಿದರೆ ಆಗಿರುವುದು ಇಷ್ಟೇ. ಲೆಕ್ಕದ ಫೈಲುಗಳು ಡಿಸ್ಕ್‌ನಲ್ಲಿ ಇದ್ದ ಜಾಗದಲ್ಲೇ ಇರಬೇಕು. ಫಾರ್ಮ್ಯಾಟ್ ಮಾಡುವುದೆಂದರೆ ಹುಡುಗನ ಮುಖಕ್ಕೆ ನೀರು ಹಾಕುವ ಬದಲು ಸ್ಟೋರ್ ರೂಮ್ ಖಾಲಿ ಮಾಡಿದ ಹಾಗೆ.

ಒಂದು ಸಾಫ್ಟ್‌ವೇರ್ ಇಡೀ ಕಂಪ್ಯೂಟರನ್ನು ಹೇಗೆ ಕೆಡವುತ್ತದೆ? ಕ್ಯಾಲ್ಕ್ಯುಲೇಟರ್ ಕೈಕೊಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಫೈರ್‌ವಾಲ್ ಹಾಗಲ್ಲ. ನೆಟ್‌ನಿಂದ ಬರುವ ಪ್ರತಿಯೊಂದನ್ನೂ ಎಲ್ಲರಿಗಿಂತ ಮೊದಲು ಅದು ನೋಡಬೇಕು. ಅದಕ್ಕಾಗಿ ಕರ್ನೆಲ್‌ನಲ್ಲಿ, ಅಂದರೆ ವಿಂಡೋಸ್‌ನ ಒಳಮನೆಯಲ್ಲಿ, ತನ್ನದೊಂದು ಡ್ರೈವರ್ (ಒಳಗೇ ಇದ್ದು ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಕೂರಿಸುತ್ತದೆ. ಈ ಡ್ರೈವರ್ ನೀವು ಪಾಸ್‌ವರ್ಡ್ ಹಾಕುವ ಮೊದಲೇ ಓಡಲು ಶುರುವಾಗುತ್ತದೆ. ಒಳಮನೆಯಲ್ಲಿ ಯಾರಾದರೂ ಎಡವಿದರೆ ವಿಂಡೋಸ್ ಬೇಕೆಂದೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಮುಂದುವರಿದರೆ ಫೈಲುಗಳೇ ಕೆಟ್ಟುಹೋಗಬಹುದಲ್ವಾ, ಅದಕ್ಕೆ. ನೀಲಿ ಪರದೆ ಅಂದರೆ ಅದೇ. ಹಳೇ ಆಂಟಿವೈರಸ್ ಒಂದು ಆಗಲೇ ಇದ್ದು, ಅದರಲ್ಲೂ ಫೈರ್‌ವಾಲ್ ಇದ್ದರೆ ಕಥೆ ಇನ್ನೂ ಜೋರು. ಒಂದೇ ದಾರಿಯಲ್ಲಿ ಇಬ್ಬರು ತಪಾಸಣೆಗೆ ನಿಂತಂತಾಗುತ್ತದೆ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ಅಪ್‌ಡೇಟ್ ಫೈಲಿನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೈಕೊಟ್ಟವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲೇ ಬರೆದುಕೊಟ್ಟರು. ಅದು ಫೈರ್‌ವಾಲ್ ಅಲ್ಲ, ಆದರೆ ಕೂತಿದ್ದು ಅದೇ ಒಳಮನೆಯಲ್ಲಿ. ಅದಕ್ಕೆ ಹೇಳಿದ ಮದ್ದು ಏನು? ಸೇಫ್ ಮೋಡ್‌ಗೆ (ವಿಂಡೋಸ್ ತೀರಾ ಅಗತ್ಯದ ಭಾಗಗಳನ್ನಷ್ಟೇ ಎಬ್ಬಿಸುವ ಸ್ಥಿತಿ) ಹೋಗಿ, ಆ ಒಂದು ಫೈಲನ್ನು ಅಳಿಸಿ, ರೀಸ್ಟಾರ್ಟ್ ಮಾಡಿ. ನಿಮಗೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ.

ಶುರು ಮಾಡುವ ಮೊದಲು, ಎಲ್ಲಿ ನಿಲ್ಲುತ್ತದೆ ಎಂದು ಸರಿಯಾಗಿ ನೋಡಿ. ಕಂಪನಿಯ ಲೋಗೋ ಕೂಡ ಬರದೆ ಪರದೆ ಕಪ್ಪಗೇ ಇದ್ದರೆ ಫೈರ್‌ವಾಲ್ ಪಾಪ, ನಿರಪರಾಧಿ. ಅದು ರ್‍ಯಾಮ್, ಡಿಸ್ಕ್ ಅಥವಾ ವಿದ್ಯುತ್ತಿನ ತೊಂದರೆ. ಮಳೆಗಾಲದಲ್ಲಿ ಇಲ್ಲಿ ಅದೂ ಜಾಸ್ತಿ. ಪಾಸ್‌ವರ್ಡ್ ಹಾಕಿದ ಮೇಲೆ ಕಪ್ಪಾದರೆ ಡ್ರೈವರ್‌ಗಿಂತ ಫೈರ್‌ವಾಲ್‌ನ ಉಳಿದ ಭಾಗಗಳ ಮೇಲೆ ಅನುಮಾನ. ನಿಮ್ಮದು ಚುಕ್ಕಿ ಸುತ್ತುವಾಗ ನಿಲ್ಲುತ್ತದೆ. ಅದು ಡ್ರೈವರ್ ಹತ್ತುವ ಹೊತ್ತು. ಹಾಗಾಗಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ನೀಲಿ ಪರದೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಕೆಳಗೆ ಕೆಲವೊಮ್ಮೆ ‘ವಾಟ್ ಫೇಲ್ಡ್’ ಎಂದು ಒಂದು ಫೈಲಿನ ಹೆಸರು ಇರುತ್ತದೆ. ಅದರಲ್ಲಿ ಫೈರ್‌ವಾಲ್ ಕಂಪನಿಯ ಹೆಸರಿನ ತುಣುಕು ಕಂಡರೆ ಕಳ್ಳ ಸಿಕ್ಕಿದ. ‘ಟಿಸಿಪಿಐಪಿ’ ಅಥವಾ ‘ನೆಟ್‌ಐಒ’ ಎಂದಿದ್ದರೆ ಮಾತ್ರ ಅದನ್ನು ಅಳಿಸಲು ಹೋಗಬೇಡಿ. ಅವು ವಿಂಡೋಸ್‌ನದೇ ನೆಟ್‌ವರ್ಕ್ ಫೈಲುಗಳು. ಪೆಟ್ಟು ಬಿದ್ದದ್ದು ಅವಕ್ಕೆ, ಹೊಡೆದವನು ಸಾಮಾನ್ಯವಾಗಿ ಬೇರೆ.

ಈಗ ಲ್ಯಾನ್ ವೈರ್ ಕಿತ್ತು ಒಮ್ಮೆ ಆನ್ ಮಾಡಿ ನೋಡಿ. ನೆಟ್‌ನಿಂದ ಏನಾದರೂ ಬಂದಾಗ ಮಾತ್ರ ಎಡವುವ ಡ್ರೈವರ್‌ಗಳೂ ಇವೆ. ಅದೃಷ್ಟವಿದ್ದರೆ ಡೆಸ್ಕ್‌ಟಾಪ್ ಬಂದುಬಿಡುತ್ತದೆ. ಬಂದರೆ ಸಾಮಾನ್ಯವಾಗಿ ಮಾಡುವ ಹಾಗೇ ಫೈರ್‌ವಾಲ್ ಅನ್‌ಇನ್‌ಸ್ಟಾಲ್ ಮಾಡಿ, ಕೆಲಸ ಮುಗಿಯಿತು.

ಬರದಿದ್ದರೆ ಸೇಫ್ ಮೋಡ್. ಹಿಂದೆಲ್ಲ ಎಫ್8 ಒತ್ತಿದರೆ ಆಗುತ್ತಿತ್ತು. ವಿಂಡೋಸ್ 8ರಿಂದ ಅದನ್ನು ಮುಚ್ಚಿಟ್ಟಿದ್ದಾರೆ. ಈಗಿನ ದಾರಿ ಸ್ವಲ್ಪ ಒರಟು. ಚುಕ್ಕಿ ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್, ಮತ್ತೆ ಆಫ್. ಹೀಗೆ ಎರಡು ಮೂರು ಸಲ ಶುರುವಾಗಲು ಸೋತ ಮೇಲೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಇದೇ ಕ್ರಮದಲ್ಲಿ ಒತ್ತಿ. ಒಂದು ಪಟ್ಟಿ ಬರುತ್ತದೆ. 4 ಒತ್ತಿದರೆ ಸೇಫ್ ಮೋಡ್. 5ರಲ್ಲಿ ನೆಟ್ ಕೂಡ ಇರುತ್ತದೆ. ನಿಮಗೆ 4 ಸಾಕು. ನೆಟ್ ಎಬ್ಬಿಸಲು ಹೋಗಿ ಅದೇ ಡ್ರೈವರನ್ನೂ ಎಬ್ಬಿಸುವುದು ಬೇಡ.

ಆ ಟ್ರಬಲ್‌ಶೂಟ್ ಪರದೆಯಲ್ಲೇ ‘ರೀಸೆಟ್ ದಿಸ್ ಪಿಸಿ’ ಎಂದೂ ಇರುತ್ತದೆ. ಕೈ ಅತ್ತ ಹೋಗಬಾರದು. ‘ಕೀಪ್ ಮೈ ಫೈಲ್ಸ್’ ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತವೆ, ಬಿಲ್ಲಿಂಗ್ ಸಾಫ್ಟ್‌ವೇರ್ ಸೇರಿ.

ಮಧ್ಯೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಕೇಳಿದರೆ ಗಾಬರಿಯಾಗಬೇಡಿ. ಅದು 48 ಅಂಕಿಗಳ ಕೀ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವ ಕಂಪ್ಯೂಟರ್ ಆದರೆ, ಮೊಬೈಲಿನಲ್ಲಿ ಅದೇ ಅಕೌಂಟ್ ತೆರೆದು ಡಿವೈಸಸ್ ಭಾಗದಲ್ಲಿ ಹುಡುಕಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಈ ಕೀ ಸಿಗುವ ತನಕ ಯಾರಿಗೂ ಕಂಪ್ಯೂಟರ್ ಕೊಡಬೇಡಿ. ದಿನವೂ ಪಿನ್ ಹಾಕಿ ಒಳಗೆ ಹೋಗುವ ಅಭ್ಯಾಸವಿದ್ದರೆ ಪೂರ್ತಿ ಪಾಸ್‌ವರ್ಡ್ ಕೂಡ ನೆನಪು ಮಾಡಿಕೊಳ್ಳಿ, ಸೇಫ್ ಮೋಡ್ ಕೆಲವೊಮ್ಮೆ ಅದನ್ನೇ ಕೇಳುತ್ತದೆ.

ಸೇಫ್ ಮೋಡ್ ಬಂತು ಅಂದುಕೊಳ್ಳಿ. ಪರದೆಯ ಮೂಲೆಯಲ್ಲಿ ಹಾಗೆಂದು ಬರೆದಿರುತ್ತದೆ. ಈಗ ಎಲ್ಲರೂ ಫೈರ್‌ವಾಲ್ ಅನ್‌ಇನ್‌ಸ್ಟಾಲ್ ಮಾಡಲು ಹೋಗುತ್ತಾರೆ, ಬಹಳ ಮಂದಿ ಸಿಕ್ಕಿಬೀಳುವುದೂ ಇಲ್ಲೇ. ವಿಂಡೋಸ್ ಇನ್‌ಸ್ಟಾಲರ್ ಎಂಬ ಸೇವೆ ಸೇಫ್ ಮೋಡ್‌ನಲ್ಲಿ ಓಡುವುದಿಲ್ಲ. ಆ ಸೇವೆ ಬೇಕಾದ ಪ್ರೋಗ್ರಾಂ ಆದರೆ ತೆಗೆಯಲು ಆಗುವುದಿಲ್ಲ ಎಂಬ ಸಂದೇಶ ಬರುತ್ತದೆ. ರಿಪೇರಿಯವರಲ್ಲಿ ಕೆಲವರು ಇಲ್ಲಿಗೇ ಕೈಚೆಲ್ಲಿ ಫಾರ್ಮ್ಯಾಟ್ ಅನ್ನುತ್ತಾರೆ ಅಂತ ನನ್ನ ಅನುಮಾನ.

ಆದರೆ ಈಗಲೇ ತೆಗೆಯಬೇಕೆಂದೇನೂ ಇಲ್ಲ. ಮಲಗಿಸಿದರೆ ಸಾಕು. ಬೇರೆ ಕಂಪ್ಯೂಟರ್‌ನಿಂದ ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಎಂಬ ಉಚಿತ ಪ್ರೋಗ್ರಾಂ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡುವ ಆಯ್ಕೆ ಒತ್ತಿ. ಪಟ್ಟಿ ಚಿಕ್ಕದಾಗುತ್ತದೆ. ಡ್ರೈವರ್ಸ್ ಮತ್ತು ಸರ್ವಿಸಸ್ ಎಂಬ ಎರಡು ಟ್ಯಾಬ್‌ಗಳಲ್ಲಿ ಆ ಫೈರ್‌ವಾಲ್ ಕಂಪನಿಯ ಹೆಸರಿರುವ ಸಾಲುಗಳ ಟಿಕ್ ತೆಗೆಯಿರಿ. ಸಾಲನ್ನು ಡಿಲೀಟ್ ಮಾಡಬೇಡಿ, ಟಿಕ್ ಮಾತ್ರ. ತಪ್ಪಾದರೆ ಮತ್ತೆ ಹಾಕಬಹುದು. ಆಮೇಲೆ ರೀಸ್ಟಾರ್ಟ್. ಮಾಮೂಲಿ ಡೆಸ್ಕ್‌ಟಾಪ್ ಬಂದ ಮೇಲೆ ನೆಮ್ಮದಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ. ಕೆಲವು ಕಂಪನಿಗಳು ತಮ್ಮ ಸಾಫ್ಟ್‌ವೇರನ್ನು ಬೇರು ಸಹಿತ ಕೀಳಲು ಪ್ರತ್ಯೇಕ ಟೂಲ್ ಕೊಡುತ್ತವೆ. ಇದ್ದರೆ ಅದನ್ನೂ ಓಡಿಸಿ.

ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸೆಟ್ಟಿಂಗ್ ಕಿಟಕಿಯಲ್ಲಿ ‘ಸೇಫ್ ಬೂಟ್’ ಟಿಕ್ ಹಾಕಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಬಿಟ್ಟುಬಿಡಿ. ತೆಗೆಯಲು ಮರೆತರೆ ಪ್ರತಿ ಸಲವೂ ಸೇಫ್ ಮೋಡೇ ಬರುತ್ತದೆ. ನಾನೇ ಹಾಗೆ ಮಾಡಿಕೊಂಡು ಇಡೀ ಸಂಜೆ ಬೇರೆ ಕಾರಣ ಹುಡುಕಿದ್ದೇನೆ.

ಸೇಫ್ ಮೋಡ್ ಕೂಡ ಬರಲಿಲ್ಲವಾ? ಅದೇ ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಸಿಸ್ಟಮ್ ರಿಸ್ಟೋರ್ ಇದೆ. ಫೈರ್‌ವಾಲ್ ಹಾಕುವ ಮೊದಲಿನ ತಾರೀಕಿನ ರಿಸ್ಟೋರ್ ಪಾಯಿಂಟ್ ಕಂಡರೆ ಆರಿಸಿ. ಅದು ಪ್ರೋಗ್ರಾಂ, ಡ್ರೈವರ್‌ಗಳನ್ನು ಹಿಂದಕ್ಕೆ ಒಯ್ಯುತ್ತದೆ, ನಿಮ್ಮ ಫೋಟೋ, ಡಾಕ್ಯುಮೆಂಟ್ ಮುಟ್ಟುವುದಿಲ್ಲ. ಬೇಸರವೆಂದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ.

ಅದೂ ಇಲ್ಲದಿದ್ದರೆ ಮೊದಲು ಲೆಕ್ಕವನ್ನು ಹೊರಗೆ ತೆಗೆಯೋಣ. ಇದೊಂದು ಸಣ್ಣ ಉಪಾಯ, ನನಗೆ ಬಹಳ ಇಷ್ಟವಾದದ್ದು. ಪೆನ್‌ಡ್ರೈವ್ ಹಾಕಿ, ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್‌ನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಆ ಪುಟ್ಟ ಕಿಟಕಿಯಲ್ಲಿ ಡಿಸ್ಕ್ ಪೂರ್ತಿ ಕಾಣುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಇಲ್ಲಿ ನಿಮ್ಮ ಸಿ ಡ್ರೈವ್‌ನ ಹೆಸರು ಡಿ ಎಂದೋ ಇ ಎಂದೋ ಬದಲಾಗಿರಬಹುದು, ತೆರೆದು ನೋಡಿ ಗುರುತಿಸಿ.

ಯಾವ ಫೋಲ್ಡರ್ ಎಂಬುದು ಇಲ್ಲಿ ದೊಡ್ಡ ವಿಷಯ. ಕೆಲವು ವರ್ಷಗಳ ಹಿಂದೆ ಠಾಣೆ ನಗರದಲ್ಲಿ ನಮ್ಮ ಭಾವನ ಅಂಗಡಿಯ ಕಂಪ್ಯೂಟರ್ ಹೀಗೇ ಕೈಕೊಟ್ಟಿತ್ತು. ನಾನು ಜಾಣನಂತೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡಿ, ‘ಎಲ್ಲ ಸೇಫ್ ಭಾವ’ ಎಂದು ಫಾರ್ಮ್ಯಾಟ್ ಮಾಡಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಡೇಟಾವನ್ನು ಸಿ ಡ್ರೈವ್‌ನ ಇನ್ನೊಂದು ಮೂಲೆಯಲ್ಲಿ ತನ್ನದೇ ಫೋಲ್ಡರಿನಲ್ಲಿ ಇಟ್ಟಿತ್ತು. ಉದ್ರಿ ಲೆಕ್ಕವೆಲ್ಲ ಹೋಯಿತು. ಯಾರು ಎಷ್ಟು ಕೊಡಬೇಕೆಂದು ಭಾವ ನೆನಪಿನಿಂದಲೇ ಬರೆದುಕೊಂಡರು. ಕೆಲವರು ತಾವಾಗಿಯೇ ಬಂದು ಕೊಟ್ಟರಂತೆ, ಉಳಿದವರ ಸುದ್ದಿ ಅವರು ಇವತ್ತಿಗೂ ನನ್ನೆದುರು ಎತ್ತುವುದಿಲ್ಲ. ಹಾಗಾಗಿ ಮೊದಲು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ. ‘ಡೇಟಾ ಯಾವ ಫೋಲ್ಡರಿನಲ್ಲಿ ಕೂರುತ್ತದೆ?’ ಎಂದು ಕೇಳಿ ಬರೆದುಕೊಳ್ಳಿ. ಲೆಕ್ಕ ಕೈಗೆ ಬಂದ ಮೇಲೆ ಕಂಪ್ಯೂಟರನ್ನು ಬೇರೊಬ್ಬ ತಿಳಿದವರಿಗೆ ಕೊಡಿ. ವಿಂಡೋಸ್ ಎಬ್ಬಿಸದೆಯೇ ಹೊರಗಿನಿಂದ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ತೆರೆದು, ಆ ಡ್ರೈವರಿನ ‘ಸ್ಟಾರ್ಟ್’ ಎಂಬ ಸಂಖ್ಯೆಯನ್ನು 4ಕ್ಕೆ ಬದಲಿಸಲು ಹೇಳಿ. 4 ಎಂದರೆ ಓಡಬೇಡ ಎಂದರ್ಥ. ಈ ಮಾತು ಅರ್ಥವಾಗದವರ ಕೈಗೆ ಕೊಡಬೇಡಿ.

ರಿಟರ್ನ್ ಚಿಂತೆ ಬೇರೆ. ಜಿಎಸ್‌ಟಿ ಪೋರ್ಟಲ್ ಯಾವ ಕಂಪ್ಯೂಟರಿನಿಂದಲೂ ತೆರೆಯುತ್ತದೆ. ಅಂಕಿಗಳು ಕೈಯಲ್ಲಿದ್ದರೆ ಸಾಕು.

ಇನ್ನು ಆ ಫೈರ್‌ವಾಲ್ ಬೇಕಿತ್ತಾ? ನನ್ನ ಮಟ್ಟಿಗೆ ಬೇಡವಾಗಿತ್ತು. ವಿಂಡೋಸ್‌ನಲ್ಲೇ ಒಂದು ಫೈರ್‌ವಾಲ್ ಇದೆ. 2004ರಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಅದು ತಾನಾಗಿಯೇ ಆನ್ ಆಗಿರುತ್ತದೆ. ಒಂದು ಗಲ್ಲಾ ಕಂಪ್ಯೂಟರಿಗೆ ಅದು ಧಾರಾಳ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಆದರೆ ಅಪ್‌ಡೇಟ್ ಮುಚ್ಚುವ ತೂತನ್ನು ಫೈರ್‌ವಾಲ್ ಮುಚ್ಚುವುದಿಲ್ಲ. ವಿಂಡೋಸ್ 11 ಹಾಕಲು ಆಗುತ್ತದಾ ಎಂದು ವಿಚಾರಿಸುವುದೇ ಸರಿಯಾದ ದಾರಿ.

ಎಲ್ಲ ಸರಿಹೋದ ಮೇಲೂ ಒಂದು ಬಾಲ ಉಳಿಯಬಹುದು. ಫೈರ್‌ವಾಲ್ ಹೋಯಿತು, ಕಂಪ್ಯೂಟರ್ ಬಂತು, ಆದರೆ ನೆಟ್ ಇಲ್ಲ. ಅದು ನೆಟ್‌ವರ್ಕ್ ಕಾರ್ಡಿಗೆ ಅಂಟಿಸಿಕೊಂಡ ತುಣುಕು ಅಲ್ಲೇ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರೀಸೆಟ್ ಕೊಟ್ಟರೆ ಹೋಗುತ್ತದೆ. ಆದರೆ ಅದು ವೈಫೈ ಪಾಸ್‌ವರ್ಡನ್ನೂ ಕೈಯಾರೆ ಹಾಕಿದ ಐಪಿ ನಂಬರನ್ನೂ ಮರೆತುಬಿಡುತ್ತದೆ. ಅಡುಗೆಮನೆಯ ಆರ್ಡರ್ ಪ್ರಿಂಟರ್ ಲ್ಯಾನ್ ಮೇಲೆ ಓಡುತ್ತಿದ್ದರೆ ಆ ನಂಬರನ್ನು ಮೊದಲೇ ಒಂದು ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆರ್ಡರ್‌ಗಳನ್ನು ಒಳಗೆ ಕೂಗಿಯೇ ಹೇಳಬೇಕಾಗುತ್ತದೆ.